ಗಟರಿನ ಪಕ್ಕ ಒಂದು ಕುರ್ಚಿ

ಎಂಬತ್ತರ ದಶಕದ ಕೊನೆಯಲ್ಲಿ ನಾವು ಚೆಂಬೂರಿನಲ್ಲಿದ್ದೆವು. ನಮ್ಮ ಗಲ್ಲಿಯ ನಡುವೆ ಇದ್ದ ಚರಂಡಿಯ, ಅಲ್ಲಿನ ಮಾತಿನಲ್ಲಿ ಗಟರಿನ, ಕಬ್ಬಿಣದ ಮುಚ್ಚಳವನ್ನು ಯಾರೋ ಒಂದು ರಾತ್ರಿ ಎತ್ತಿಕೊಂಡು ಹೋದರು. ಬೆಳಗಾಗುವುದರೊಳಗೆ ಅದು ಭಂಗಾರದವನ ಗುಜರಿ ಅಂಗಡಿ ಸೇರಿರಬೇಕು. ಮಧ್ಯಾಹ್ನದ ಹೊತ್ತಿಗೆ ಯಾರೋ ಪುಣ್ಯಾತ್ಮರು ಗುಂಡಿಯೊಳಗೆ ಮರದ ಕೊಂಬೆಯೊಂದನ್ನು ನಿಲ್ಲಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿದರು. ಮುಂಬಯಿಯಲ್ಲಿ ಇದು ರೂಢಿ. ಕೊಂಬೆ ನೆಟ್ಟರೆ ಊರಿನ ಜವಾಬ್ದಾರಿ ಮುಗಿಯಿತು.

ನಮ್ಮ ಗಲ್ಲಿಯವರು ಆ ಕೊಂಬೆಯನ್ನು ಶ್ರದ್ಧೆಯಿಂದ ನೋಡಿಕೊಂಡರು. ಒಣಗಿದಾಗ ಹಸಿಯದನ್ನು ತಂದು ನೆಟ್ಟರು. ರಿಕ್ಷಾದವರಿಗೆ "ಕೊಂಬೆಯ ಹತ್ತಿರ ಎಡಕ್ಕೆ" ಎಂದು ದಾರಿ ಹೇಳಿದರು. ಸೊಸೈಟಿಯ ಮೀಟಿಂಗಿನಲ್ಲಿ ಮಾತು ಬಂದಾಗ ಸೆಕ್ರೆಟರಿ, ಬೆಂಗಳೂರಿನ ಕಡೆಯವರು, "ಅದು ಎದುರು ಬಿಲ್ಡಿಂಗಿನವರ ಗಟರು ಸ್ವಾಮಿ" ಎಂದರು. ಎದುರು ಬಿಲ್ಡಿಂಗಿನವರು ಅದು ನಮ್ಮದೆಂದು ತಿಳಿದಿದ್ದರು.

ನಾನು ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ನಮ್ಮ ಮುಖ್ಯ ವರದಿಗಾರರಿಗೆ ವಿಷಯ ಹೇಳಿದೆ.

"ಬಿದ್ದವರು ಯಾರು?"

"ಇನ್ನೂ ಯಾರೂ ಬಿದ್ದಿಲ್ಲ."

"ಬಿದ್ದ ಮೇಲೆ ಹೇಳಿ" ಎಂದು ಅವರು ಚಹಾ ತರಿಸಿದರು.

ಬೀಳಬಹುದಾಗಿದ್ದವರು ನಮ್ಮ ನೆಲ ಮಹಡಿಯಲ್ಲೇ ಇದ್ದರು. ಧಾರವಾಡದ ಕಡೆಯ ವೃದ್ಧ ದಂಪತಿ. ಗಂಡ ರಿಫೈನರಿಯಿಂದ ನಿವೃತ್ತರು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಹಟ ಹೋಗಿರಲಿಲ್ಲ. ದಿನಾ ಸಂಜೆ ಕೋಲು ಹಿಡಿದು ಗಲ್ಲಿಯ ತುದಿಯ ಕಟ್ಟೆಗೆ ಹೋಗಿ ಗೆಳೆಯರೊಡನೆ ಕೂತು ಬರುತ್ತಿದ್ದರು. ಹೆಂಡತಿ ಕೈ ಹಿಡಿದರೆ ಕೊಡವಿಬಿಡುತ್ತಿದ್ದರು. ಆ ಹೆಂಡತಿಯನ್ನು ನಾವೆಲ್ಲ ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಕಾಕೂ ಗುಂಡಿಯ ಸುದ್ದಿಯನ್ನು ಗಂಡನಿಗೆ ಹೇಳಿರಲಿಲ್ಲ. ಹೇಳಿದರೆ ಅವರು ಹೊರಗೆ ಹೋಗುವುದನ್ನೇ ಬಿಟ್ಟಾರು ಎಂಬ ಭಯ. ಕೋಲು ಕೊಂಬೆಗೆ ತಗುಲಿದೊಡನೆ ಅವರು ಬದಿಗೆ ಸರಿದು ಹೋಗುತ್ತಿದ್ದರು.

ಜೂನ್ ತಿಂಗಳ ಮೊದಲ ಮಳೆಗೆ ಗಲ್ಲಿಯಲ್ಲಿ ಮೊಣಕಾಲುದ್ದ ನೀರು ನಿಂತು, ಕೊಂಬೆ ತೇಲಿ ಹೋಯಿತು. ಮರುದಿನ ಸಂಜೆ ಕಾಕೂ ಕಬ್ಬಿಣದ ಮಡಚುವ ಕುರ್ಚಿ ತಂದು ಗುಂಡಿಯ ಅಂಚಿಗೆ ಹಾಕಿಕೊಂಡು ಕುಳಿತರು. ಮೇಲೆ ಛತ್ರಿ, ತೊಡೆಯ ಮೇಲೆ ಬುಟ್ಟಿ. ಸುಮ್ಮನೆ ಕೂರುವುದು ಅವರಿಗೆ ಗೊತ್ತಿರಲಿಲ್ಲ, ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಗಂಡನ ಕೋಲಿನ ಸದ್ದು ಕೇಳಿದೊಡನೆ, "ಎಡಕ್ಕ ಬರ್ರಿ, ಇಲ್ಲೆ ನಾ ಕುಂತೀನಿ."

"ಮನಿಯೊಳಗೂ ಕಾವಲು, ಬೀದಿಯೊಳಗೂ ಕಾವಲು! ನಾ ಎಲ್ಲಿ ಓಡಿ ಹೋಗ್ತೀನಿ ಅಂತ?" ಎಂದು ಗೊಣಗುತ್ತ ಅವರು ಸುತ್ತಿಕೊಂಡು ಹೋಗುತ್ತಿದ್ದರು.

ದಿನವೂ ಹೀಗೇ ನಡೆಯಿತು. ಗುಂಡಿಯನ್ನು ತಿಂಗಳುಗಟ್ಟಲೆ ಸಹಿಸಿದ್ದ ಗಲ್ಲಿಗೆ ಕುರ್ಚಿಯನ್ನು ಒಂದು ವಾರ ಸಹಿಸಲಾಗಲಿಲ್ಲ. ಹೊಸದಾಗಿ ಕಾರು ಕೊಂಡಿದ್ದ ಎರಡನೆಯ ಮಹಡಿಯವರಿಗೆ ತಿರುಗಿಸಲು ಜಾಗ ಸಾಲಲಿಲ್ಲ. ಸೆಕ್ರೆಟರಿ ಕೆಳಗಿಳಿದು ಬಂದರು.

"ಏನಮ್ಮಾ ಇದು, ನಡುರಸ್ತೇಲಿ? ನೋಡಿದವರು ಏನಂದುಕೊಳ್ಳಲ್ಲ?"

"ನೋಡ್ಲಿ ಅಂತನ ಕುಂತೀನಿ. ನಿಮಗ ತ್ರಾಸಾದ್ರ ಹೇಳ್ರಿ, ನಾ ಏಳ್ತೀನಿ, ನೀವು ಕುಂದರ್ರಿ. ಸೊಪ್ಪು ಸೋಸಾಕ ಬರ್ತದಿಲ್ಲೋ?"

ಮೇಲಿನ ಬಾಲ್ಕನಿಗಳಲ್ಲಿ ನಗೆಯೆದ್ದಿತು. ಯಾವ ಬಾಲ್ಕನಿಯೂ ಕೆಳಗಿಳಿಯಲಿಲ್ಲ. ನನ್ನದೂ ಅವುಗಳಲ್ಲೊಂದು.

ಕೊನೆಗೆ ವಾರ್ಡ್ ಆಫೀಸಿಗೆ ದೂರು ಹೋಯಿತು. ಗುಂಡಿಯ ಬಗ್ಗೆ ಅಲ್ಲ: ಗಲ್ಲಿಯಲ್ಲಿ ಒಬ್ಬ ಹೆಂಗಸು ಅನಧಿಕೃತವಾಗಿ ತರಕಾರಿ ಮಾರುತ್ತಿದ್ದಾಳೆ ಎಂದು. ಬೀದಿ ವ್ಯಾಪಾರಿಗಳನ್ನು ಎಬ್ಬಿಸುವ ಗಾಡಿ ಮರುದಿನವೇ ಬಂತು. ಇನ್ಸ್‌ಪೆಕ್ಟರ್ ಮರಾಠಿಯಲ್ಲಿ ಪರವಾನಗಿ ಕೇಳಿದ. ಕಾಕೂ ಮರಾಠಿಯಲ್ಲೇ, "ಮೆಂತ್ಯೆ ಮಾರೋದಲ್ಲಪ್ಪಾ, ರಾತ್ರಿ ಪಲ್ಯಕ್ಕೆ" ಎಂದರು. ಅವನ ಆಳುಗಳು ಕುರ್ಚಿ ಎತ್ತಿದರು. ಕುರ್ಚಿ ಇದ್ದಲ್ಲಿ, ಕಪ್ಪು ನೀರಿನ ಅಂಚಿನಲ್ಲಿ, ಕಾಕೂ ನಿಂತರು. ಆಗ ಅವನು ಕೆಳಗೆ ನೋಡಿದ.

ಗಟರು ಅವನ ಇಲಾಖೆಯದಲ್ಲ. ಆದರೆ ಗುಂಡಿ ಇರುವತನಕ ಈ ಹೆಂಗಸು ಏಳುವವಳಲ್ಲ, ಇವಳು ಏಳುವತನಕ ದೂರು ಮುಗಿಯುವಂಥದ್ದಲ್ಲ ಎಂಬುದು ಅವನಿಗೆ ಹೊಳೆಯಿತು. ಕುರ್ಚಿಯನ್ನು ಅವರಿಗೇ ಕೊಟ್ಟು ಹೋದ. ಮೂರನೆಯ ದಿನ ಗಟರಿನವರು ಬಂದು ಹೊಸ ಮುಚ್ಚಳ ಕೂರಿಸಿದರು. ಮುಂದಿನ ಮೀಟಿಂಗಿನಲ್ಲಿ, ಸತತ ಪ್ರಯತ್ನಕ್ಕಾಗಿ, ಸೆಕ್ರೆಟರಿಯವರನ್ನು ಅಭಿನಂದಿಸಲಾಯಿತು.

ಮುಚ್ಚಳ ಕೂರಿಸಿದ ಸಂಜೆ ಕಾಕೂ ಕುರ್ಚಿಯಿಲ್ಲದೆ ಗೇಟಿನ ಬಳಿ ನಿಂತಿದ್ದರು, ನಾನೂ ಇದ್ದೆ. ಮುದುಕರು ಬಂದರು; ಗಾಡಿ ಬಂದ ಗಲಾಟೆಯಲ್ಲಿ ಗುಂಡಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಕೋಲು ಕಬ್ಬಿಣಕ್ಕೆ ಬಡಿದು ಟಣ್ಣೆಂದಿತು. ಅವರು ನಿಂತು ಇನ್ನೊಮ್ಮೆ ಬಡಿದರು. ಕೋಲಿನಿಂದ ಅಂಚು ಹುಡುಕಿ, ಅದರ ತುದಿಯನ್ನು ಇಡೀ ವೃತ್ತದ ಸುತ್ತ ಎಳೆದರು.

"ಇಷ್ಟು ಅಗಲ ಇತ್ತೇನು?"

"ಹೂಂ."

"ನೀ ಇದರ ಬಾಜೂಕ ಕುಂತಿದ್ದಿ?"

ಮುದುಕರು ಕೋಲನ್ನು ಬಲಗೈಗೆ ಬದಲಿಸಿದರು. ಆಮೇಲೆ, ಎಲ್ಲ ಬಾಲ್ಕನಿಗಳೂ ನೋಡುತ್ತಿರುವಾಗ, ಎಡಗೈ ಮುಂದೆ ಚಾಚಿದರು.

"ಬಾ, ಹಿಡಿ. ಕಟ್ಟೀತನಕ ಹೋಗಿ ಬರೂಣು."