ಕುಂಕುಮ ಹಚ್ಚಿದ ಐದು ಡಿಸ್ಕು

ತುಮಕೂರಿನ ಏಕಾಂತಯ್ಯನವರ ಕಲರ್ ಲ್ಯಾಬಿನಲ್ಲಿ ಕಂಪ್ಯೂಟರಿಗೆ ಯಾವ ಕಾಯಿಲೆ ಬಂದರೂ ಕೇಳಿಬರುತ್ತಿದ್ದುದು ಒಂದೇ ಹೆಸರು, ನಾಗಭೂಷಣ್. ಸಿ.ಎಸ್. ಪುರದಿಂದ ಬಂದು, ಫಿಲಂ ರೋಲು ತೊಳೆಯುವ ಕಾಲದಿಂದ ಅಲ್ಲೇ ಬೇರು ಬಿಟ್ಟವನು. ಕುಣಿಗಲ್ ಕಡೆಯ ಸ್ಟುಡಿಯೋದವರು ಮದುವೆ ಫೋಟೋ ತಂದರೆ ಮೊದಲು ಅವನಿಗೇ ನಮಸ್ಕಾರ ಹಾಕುತ್ತಿದ್ದರು. ಸಂಬಳಕ್ಕಿಂತ ಆ ನಮಸ್ಕಾರದ ಮೇಲೇ ಬದುಕಿದ್ದ ಎಂದರೂ ತಪ್ಪಿಲ್ಲ.

೨೦೦೮ರ ಬೇಸಿಗೆಯಲ್ಲಿ ಗುಬ್ಬಿಯಿಂದ ನಿಶಾತ್ ಕೆಲಸಕ್ಕೆ ಬಂದಳು. ಡಿಪ್ಲೊಮಾ ಮುಗಿಸಿದ ಹುಡುಗಿ. ಮಾತು ಕಡಿಮೆ, ನಗು ಜಾಸ್ತಿ. ಆ ನಗುವೇ ನಾಗಭೂಷಣನಿಗೆ ಆಗಿಬರಲಿಲ್ಲ.

ಫೋಟೋಗಳನ್ನಿಡುವ ಲಿನಕ್ಸ್ ಸರ್ವರ್ ಆಗ ತುಂಬಿಹೋಗಿತ್ತು. ನಾಲ್ಕು ಜನ ಒಟ್ಟಿಗೆ ಆಲ್ಬಂ ತೆರೆದರೆ ಮಂಕು ಬಡಿದ ಹಾಗೆ ನಿಂತುಬಿಡುತ್ತಿತ್ತು. ಹೊಸದಾಗಿ ಏನು ತರಿಸೋಣ ಎಂದು ಏಕಾಂತಯ್ಯ ಇಬ್ಬರನ್ನೂ ಕೇಳಿದರು. ಹೆಸರುವಾಸಿ ಕಂಪನಿಯ ನಾಲ್ಕು ಡಿಸ್ಕಿನ ಪೆಟ್ಟಿಗೆ, ಡಿಸ್ಕುಗಳನ್ನು ಒಟ್ಟಿಗೆ ನಡೆಸಲು ಅದೇ ಕಂಪನಿಯ ಕಾರ್ಡು ಎಂದ ನಾಗಭೂಷಣ್. ನಿಶಾತ್ ಹೇಳಿದ್ದು ಎಂಟು ಖಾನೆಯ ಪೆಟ್ಟಿಗೆ. ಡಿಸ್ಕು ಮಾತ್ರ ಐದೇ.

"ಖಾಲಿ ಖಾನೆಗೂ ದುಡ್ಡು ಕೊಡ್ಬೇಕಾ ಸಾರ್?" ಎಂದು ನಾಗಭೂಷಣ್ ಕೊಂಕು ತೆಗೆದ.

"ಸೀಸನ್ ಬಂದ್ರೆ ತುಂಬುತ್ತೆ ಅಣ್ಣಾ, ಒಂದೊಂದೇ ಡಿಸ್ಕ್ ಸೇರಿಸ್ಕೊಂಡು ಹೋಗ್ಬೋದು. ಐದೂ ಒಟ್ಟಿಗೆ ಓದೋದ್ರಿಂದ ಸ್ಪೀಡೂ ಇರುತ್ತೆ. ಕಾರ್ಡ್ ಕೆಡ್ತು ಅಂತ ಬೆಂಗ್ಳೂರಿಗೆ ಓಡೋದು ಬೇಡ, ಲಿನಕ್ಸೇ ಎಲ್ಲ ನೋಡ್ಕೊಳ್ಳುತ್ತೆ."

"ಹುಡುಗಿ ಹೇಳಿದ್ದೇ ತರ್ಸಾಣ ಬುಡೋ" ಎಂದರು ಏಕಾಂತಯ್ಯ.

ನಾಗಭೂಷಣನ ಹೊಟ್ಟೆಗೆ ಬೆಂಕಿ ಬಿತ್ತು. ಪೆಟ್ಟಿಗೆ ಬಂದು ಆಲ್ಬಂಗಳು ಚಕಚಕ ತೆರೆದುಕೊಂಡಾಗ ಇನ್ನಷ್ಟು ಉರಿಯಿತು. ಹುಲಿಯೂರುದುರ್ಗದ ಸ್ಟುಡಿಯೋದ ಗಂಗಹನುಮಯ್ಯ ನೇರ ಒಳಗೆ ಬಂದು, "ನಿಶಾತಮ್ಮ ಇಲ್ವಾ?" ಎಂದು ಅವನನ್ನೇ ಕೇಳಿದ ದಿನವಂತೂ ಅವನಿಗೆ ಊಟ ಸೇರಲಿಲ್ಲ.

ಆಯುಧಪೂಜೆ ಬಂತು. ಯಂತ್ರಗಳನ್ನೆಲ್ಲ ಆರಿಸಿ, ಬಿಚ್ಚಿ, ಒರೆಸಿ, ಕುಂಕುಮ ಇಡುವ ಕೆಲಸ ಮೊದಲಿನಿಂದಲೂ ನಾಗಭೂಷಣನದು. ಐದೂ ಡಿಸ್ಕು ಹೊರಗೆಳೆದು, ಧೂಳು ಒರೆಸಿ, ಒಂದೊಂದಕ್ಕೂ ಕುಂಕುಮ ಇಟ್ಟ. ವಾಪಸು ಹಾಕುವಾಗ ಕೈ ತಡೆಯಿತು. ಅವನಿಗೆ ಗೊತ್ತಿದ್ದ ಹಳೆಯ ಕಾರ್ಡುಗಳಲ್ಲಿ ಡಿಸ್ಕುಗಳ ಜಾಗ ಅದಲುಬದಲಾದರೆ ಮುಗಿಯಿತು, ಒಳಗಿದ್ದುದೆಲ್ಲ ಕಲಸುಮೇಲೋಗರ. ಏಕಾಂತಯ್ಯ ಬೂದುಗುಂಬಳಕಾಯಿ ಹಿಡಿದು ಬಾಗಿಲಲ್ಲಿದ್ದರು. ಒಂದನೆಯದನ್ನು ನಾಲ್ಕರ ಖಾನೆಗೆ, ಐದನೆಯದನ್ನು ಎರಡಕ್ಕೆ, ಉಳಿದವನ್ನು ಕೈಗೆ ಬಂದಂತೆ ತುರುಕಿದ. ಒರೆಸಿದ್ದಕ್ಕೇ ಕೆಟ್ಟುಹೋಗುವ ಪೆಟ್ಟಿಗೆ ಎಂದರಾಯಿತು, ಇವಳ ಆಯ್ಕೆಯ ಬಂಡವಾಳ ಬಯಲಾಗಲಿ ಎಂದುಕೊಂಡ.

ಮಂಗಳಾರತಿಯಾದ ಮೇಲೆ ಏಕಾಂತಯ್ಯ ಸ್ವಿಚ್ ಒತ್ತಿದರು. ಪರದೆಯ ಮೇಲೆ ಅಕ್ಷರಗಳು ಓಡತೊಡಗಿದವು. ನಾಗಭೂಷಣನ ತಂಗಿ ಯಶಸ್ವಿನಿಯ ಮದುವೆ ಫೋಟೋಗಳೂ ಅದರಲ್ಲೇ ಇದ್ದವು, ಇನ್ನೂ ಒಂದೂ ಪ್ರಿಂಟ್ ಆಗಿರಲಿಲ್ಲ. ಈ ಪುಣ್ಯಾತ್ಮನಿಗೆ ಅದು ನೆನಪಾದದ್ದು ಆಗ.

ಸರ್ವರ್ ಎದ್ದು ಕೂತಿತು. ಒಂದು ಫೋಟೋ ಕೂಡ ಹೋಗಿರಲಿಲ್ಲ.

ನಿಶಾತ್ ಪರದೆ ನೋಡಿದಳು, ಅವನನ್ನು ನೋಡಿದಳು, ದನಿ ತಗ್ಗಿಸಿದಳು. "ಡಿಸ್ಕುಗಳ ಜಾಗ ಬದಲಾಗಿದೆ ಅಣ್ಣಾ. ಪರ್ವಾಗಿಲ್ಲ ಬಿಡಿ, ಪ್ರತಿ ಡಿಸ್ಕ್‌ನಲ್ಲೂ ಲಿನಕ್ಸ್ ತನ್ನ ಗುರುತು ಬರ್ದಿರುತ್ತೆ, ಎಲ್ಲಿ ಹಾಕಿದ್ರೂ ಹುಡುಕ್ಕೊಳ್ಳುತ್ತೆ. ಸಂಜೆ ನಾನು ಗುಬ್ಬಿ ಬಸ್ ಹತ್ತಿದ್ಮೇಲೆ ಇಲ್ಲಿ ನೀವೊಬ್ರೇ ಅಲ್ವಾ? ಅವಸರದಲ್ಲಿ ಹೆಚ್ಚುಕಮ್ಮಿಯಾಗಿ ನಿಮ್ಗೆ ಕೆಟ್ಟ ಹೆಸ್ರು ಬರ್ಬಾರ್ದು ಅಂತ್ಲೇ ಇದನ್ನ ಆರಿಸಿದ್ದು."

ಅಷ್ಟರಲ್ಲಿ ಏಕಾಂತಯ್ಯ, "ಪೂಜೆ ಮಾಡ್ದೋನು ನೀನು, ಮೊದ್ಲು ತಗೊಳೋ" ಎಂದು ನಾಗಭೂಷಣನ ಬೊಗಸೆ ತುಂಬ ಕಡ್ಲೆಪುರಿ ಸುರಿದರು. ಬೆರಳಲ್ಲಿ ಕುಂಕುಮ ಹಾಗೇ ಇತ್ತು. ನಿಶಾತ್ ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಅರ್ಧ ಪುರಿಯನ್ನು ಅವಳ ಕೈಗೆ ಹಾಕಿದ. ಅವಳು ನಕ್ಕಳು. ಒಳ್ಳೆಯತನದಲ್ಲೂ ಇವಳೇ ಮುಂದಾದಳಲ್ಲ ಎಂದು ನಾಗಭೂಷಣನಿಗೆ ಮತ್ತೆ ಹೊಟ್ಟೆ ಉರಿಯಿತು.