ಒಂದು ಚೊಂಬು ಸಂಗಮದ ನೀರು

ಕಳೆದ ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ, ನಂಜನಗೂಡಿನ ನಮ್ಮ ಬೀದಿಯ ಟೀಚರ್ ತಮ್ಮ ಮನೆಯಲ್ಲಿ ಸಾಕಿದ್ದ ಆಕ್ಟೋಪಸ್ ಸುಣ್ಣದ ಹಾಗೆ ಬೆಳ್ಳಗಾಯಿತು. ನಾನು ಹೋದಾಗ ಟೀಚರ ಬಲಗೈ ಮೊಣಕೈವರೆಗೆ ಗಾಜಿನ ತೊಟ್ಟಿಯೊಳಗಿತ್ತು. ಆ ಕೈಮೇಲೆ ಯಾವಾಗಲೂ ಗುಂಡುಗುಂಡು ಕೆಂಪು ಗುರುತುಗಳು, ಅದು ತೋಳಿನಿಂದ ಹಿಡಿದು ಬಿಟ್ಟಾಗ ಮೂಡಿದವು. ಆ ದಿನ ಅದು ಕೈ ಹಿಡಿಯಲಿಲ್ಲ.

ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಮೈಸೂರಿನ ಮೀನಿನ ಅಂಗಡಿಯವನಿಗೆ ಹೇಳಿ ಇದನ್ನು ತರಿಸಿದ್ದರು. ನೀರಿನ ಉಪ್ಪು, ಶಾಖ, ತಿಂದ ಏಡಿ, ಎಲ್ಲವನ್ನೂ ದಿನಾ ಪುಸ್ತಕದಲ್ಲಿ ಬರೆಯುತ್ತಿದ್ದರು. ಕೊನೆಯ ಕಾಲಂ 'ಕಾರಣ'. "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರಿ. ಖಾಲಿ ಬಿಡಬೇಡ" ಎಂಬುದು ಅವರ ತರಗತಿಯ ಕಟ್ಟಳೆ. ಪತ್ರಿಕೆಯ ಕೆಲಸದಲ್ಲಿ ನಾನು ಇಂದಿಗೂ ಅದರಂತೆಯೇ ನಡೆಯುತ್ತೇನೆ.

ತೊಟ್ಟಿಯ ಪಕ್ಕ ಖಾಲಿ ತಾಮ್ರದ ಚೊಂಬಿತ್ತು. ಐದು ದಿನದ ಹಿಂದೆ ತಿ. ನರಸೀಪುರದಿಂದ ಆ ಚೊಂಬು ಹಿಡಿದು ಬಂದಿದ್ದ ಅವರ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಬಂದಾಗಿನಿಂದ "ಎಂಟು ಕೈ ಅವೆ, ಒಂದು ಕೆಲ್ಸ ಇಲ್ಲ ಇದ್ಕೆ" ಎಂದು ಗೇಲಿ ಮಾಡುತ್ತಿದ್ದವರು, ಎರಡು ದಿನ ಅದು ಏಡಿ ಮುಟ್ಟದಿದ್ದಾಗ ಕರಗಿಬಿಟ್ಟಿದ್ದರು.

"ಉಪ್ಪುನೀರಲ್ಲಿ ಬಾಯಾರ್ಕೊಂಡದೆ ಅನ್ಕಂಡೆ ಕಣೇ. ಸಂಗಮದ ನೀರು, ಒಂದೇ ಚೊಂಬು ಆಕ್ದೆ."

ಟೀಚರ್ ನನ್ನ ಕಿವಿಯಲ್ಲಿ ಹೇಳಿದರು: "ಐದು ದಿನ ತಾಮ್ರದಲ್ಲಿದ್ದ ನೀರು. ತಾಮ್ರ ಇದಕ್ಕೆ ವಿಷ ಕಣೋ. ಡ್ರಮ್ಮಿಂದ ತಾ, ಬೇಗ."

ಹಿತ್ತಲಲ್ಲಿ ಒಂದು ಡ್ರಮ್ ಉಪ್ಪುನೀರು ಸದಾ ಕಲಸಿಟ್ಟಿರುತ್ತಿತ್ತು. ಹಳೆ ನೀರು ಚೆಲ್ಲಿ, ಬಕೆಟ್ಟಿನಲ್ಲಿ ಹೊತ್ತು ತುಂಬಿದೆವು. ಆಕ್ಟೋಪಸ್ ತೊಟ್ಟಿಯ ಮೂಲೆಯಲ್ಲಿ ಬಿದ್ದಿತ್ತು. ಮೈ ಉಬ್ಬಿ ಇಳಿಯುತ್ತಿತ್ತು. ಗಾಳಿ ಊದುವ ಪಂಪ್ ಎಂದಿನಂತೆ ಗುಳುಗುಳು ಎನ್ನುತ್ತಿತ್ತು. ಟೀಚರ್ ಅದರ ಉಸಿರು ಎಣಿಸುತ್ತ ಕೂತರು. ನಡುವೆ ಎರಡು ಸಲ ಲೆಕ್ಕ ತಪ್ಪಿದರು.

"ನಾನೇನಾರ ತಪ್ಪು ಮಾಡ್ಬುಟ್ನಾ?" ಎಂದರು ಅಕ್ಕ.

"ಇಲ್ಲ ಕಣಕ್ಕ. ಪಂಪ್ ಕೆಟ್ಟಿತ್ತು."

ಸಂಜೆ ಐದರ ಹೊತ್ತಿಗೆ ಒಂದು ತೋಳು ಮೇಲೆದ್ದು ಟೀಚರ ಹೆಬ್ಬೆರಳನ್ನು ಸುತ್ತಿಕೊಂಡಿತು. ಅವರು ಆ ಕೈ ಕದಲಿಸಲಿಲ್ಲ. ಎಡಗೈಯಲ್ಲೇ ಪುಸ್ತಕ ಎಳೆದುಕೊಂಡು, ಸೊಟ್ಟ ಅಕ್ಷರದಲ್ಲಿ 'ನೀರು ಬದಲಾಯಿಸಿದೆ' ಎಂದು ಬರೆದರು. ಕಾರಣದ ಕಾಲಂ ಖಾಲಿ ಬಿಟ್ಟರು.

ಮಾಘದಲ್ಲಿ ಆಕ್ಟೋಪಸ್ ವಯಸ್ಸಾಗಿ ಸತ್ತಿತು. ಮರುತಿಂಗಳು ಟೀಚರ್ ತೀರಿಕೊಂಡರು. ಕಣ್ಣು ಮಂಜಾಗಿರುವ ಅಕ್ಕ ಕಳೆದ ವಾರ ನನ್ನನ್ನು ಕರೆಸಿ, ಪುಸ್ತಕ ಕೈಗಿತ್ತು, ಆ ಸೋಮವಾರದ ಪುಟ ಓದಿಸಿದರು.

"ಕಾರಣ ಏನಂತ ಬರ್ದವ್ಳೆ?"

ಖಾಲಿ ಕಾಲಂ ಮೇಲೆ ಬೆರಳಿಟ್ಟು, 'ಪಂಪ್ ಕೆಟ್ಟಿತ್ತು' ಎಂದು ಓದಿದೆ.