ಹೊಳೆ ಬಲಕ್ಕಿದ್ದ ದಿಬ್ಬಣ

ಮೊನ್ನೆ ಕೆ.ಆರ್. ನಗರದಲ್ಲಿ ಹಲ್ಲಿನ ಡಾಕ್ಟರಿಗಾಗಿ ಕಾಯುತ್ತಾ ಕೂತಿದ್ದೆ. ಎದುರು ಗೋಡೆಯಲ್ಲಿ ಜಪಾನಿನ ಹಳೆಯ ಕಾಲದ ದೊರೆಯೊಬ್ಬನ ಮೆರವಣಿಗೆಯ ಚಿತ್ರ. ಈಟಿ ಹಿಡಿದವರು, ಪೆಟ್ಟಿಗೆ ಹೊತ್ತವರು, ನಡುವೆ ಪಲ್ಲಕ್ಕಿ, ದಾರಿಬದಿಯಲ್ಲಿ ನೆಲಕ್ಕೆ ಮುಖವಿಟ್ಟ ಜನ... ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರ ಜಗಲಿಯಲ್ಲಿ ಇದೇ ಚಿತ್ರವಿತ್ತು, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ್ದು.

ಮರದ ಹಲಗೆಯಲ್ಲಿ ಕೆತ್ತಿ, ಮಸಿ ಹಚ್ಚಿ, ಕಾಗದ ಒತ್ತಿ ತೆಗೆಯುವ ಚಿತ್ರವದು ಎಂದು ಮೇಷ್ಟ್ರು ವಿವರಿಸುತ್ತಿದ್ದರು. ಕೊನೆಗೊಂದು ಗೊಣಗಾಟ ಇದ್ದದ್ದೇ: "ಅಲ್ಲ ಕಣಮ್ಮ, ಇಷ್ಟ್ ದೊಡ್ಡ ಮೆರವಣಿಗೆ, ತಲೆ ಎತ್ತಿ ನೋಡೋ ಅಂಗಿಲ್ವಲ್ಲ."

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಸಕ್ಕರೆ ಕಾಯಿಲೆಯಿಂದ ಅಕ್ಕನ ಕಣ್ಣು ಮಂಜಾಗುತ್ತಾ ಬಂತು. ದೃಷ್ಟಿ ಉಳಿಯುವುದು ಕಷ್ಟ ಎಂದರು ಡಾಕ್ಟರು. ಮದುವೆಯಾಗಿ ಹನಗೋಡಿನಿಂದ ಹೊಳೆಯ ದಂಡೆಯಲ್ಲಿ ನಡೆದು ಬಂದ ತಮ್ಮ ದಿಬ್ಬಣದ ಒಂದು ಫೋಟೋ ಕೂಡ ಇಲ್ಲವಲ್ಲ ಎಂಬ ಕೊರಗು ಅಕ್ಕನಿಗೆ ಮೊದಲಿನಿಂದಲೂ ಇತ್ತು. ಕಣ್ಣು ಹೋಗುವುದರೊಳಗೆ ಆ ದಿಬ್ಬಣವನ್ನು ಅಂಥದೇ ಅಚ್ಚಿನ ಚಿತ್ರದಲ್ಲಿ ತೋರಿಸಿಯೇ ಸಿದ್ಧ ಎಂದು ಮೇಷ್ಟ್ರು ಹಠ ಹಿಡಿದರು. ಸಾಮಿಲ್ಲಿನಿಂದ ತೇಗದ ಹಲಗೆ ತಂದು, ಊಟ ತಿಂಡಿಯ ಪರಿವೆಯಿಲ್ಲದೆ ಕೆತ್ತಿದರು.

ಮೊದಲ ಕಾಗದ ಎತ್ತಿದಾಗ ನಾನೂ ಇದ್ದೆ. ಅಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ನಾವು ಬರುವಾಗ ಹೊಳೆ ಬಲಕ್ಕಿತ್ತಲ್ರೀ. ಇಲ್ಲಿ ಎಡಕ್ಕದೆ. ನನ್ನ ವಾಪಸ್ ತವರಿಗೆ ಅಟ್ತಾ ಇದ್ದೀರಾ?"

ಹಲಗೆಯಲ್ಲಿ ನೇರವಾಗಿ ಕೆತ್ತಿದ್ದು ಕಾಗದದಲ್ಲಿ ಎಡಬಲ ಅದಲುಬದಲಾಗಿತ್ತು. ಅಷ್ಟು ವರ್ಷ ಡ್ರಾಯಿಂಗ್ ಕಲಿಸಿದ ಮನುಷ್ಯನಿಗೆ ಇಷ್ಟು ಗೊತ್ತಾಗಬೇಡವೇ? "ಬುಡಿ, ತವರಿಗೆ ಹೋದ್ರೆ ಒಳ್ಳೇದೇ ಆಯ್ತು" ಎಂದು ಅಕ್ಕ ನಕ್ಕರೂ ಮೇಷ್ಟ್ರು ಕೇಳಲಿಲ್ಲ. ಹೊಸ ಹಲಗೆಯಲ್ಲಿ ಎಲ್ಲವನ್ನೂ ತಿರುಗಿಸಿ ಮತ್ತೆ ಕೆತ್ತತೊಡಗಿದರು.

ಆ ಕೆಲಸ ಮುಗಿಯುವಷ್ಟರಲ್ಲಿ ಅಕ್ಕನ ಕಣ್ಣು ಪೂರ್ತಿ ಹೋಗಿತ್ತು. ಸರಿಯಾಗಿ ಮೂಡಿದ ಚಿತ್ರವನ್ನು ಕೈಯಲ್ಲಿ ಹಿಡಿದು ಮೇಷ್ಟ್ರು ಜಗಲಿಯಲ್ಲಿ ಕೂತು ಅತ್ತರು. ಅಕ್ಕ, "ಆ ಮೊದಲ್ನೇ ಹಲಗೆ ಕೊಡಿ ಇಲ್ಲಿ" ಎಂದರು. ತೊಡೆಯ ಮೇಲಿಟ್ಟುಕೊಂಡು ಉಬ್ಬುಗೆರೆಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು. ತಮಟೆಯವನು, ಕಳಸ ಹಿಡಿದವಳು, ಕೆಳಗೆ ನೀರಿನ ಅಲೆ...

"ಹೊಳೆ ಬಲಕ್ಕೇ ಅದೆ ಕಣ್ರೀ. ಇವ್ಳು ನಾನು, ಮುಂದ್ಗಡೆ ನೀವು. ಮೊದಲೇ ಸರಿಯಾಗಿ ಮಾಡಿದ್ರಿ."

ಇಬ್ಬರೂ ಹೋಗಿ ಎಷ್ಟೋ ವರ್ಷವಾಯಿತು. ಆ ಹಲಗೆ ಯಾರ ಪಾಲಾಯಿತೋ, ಹೇಳುವವರೂ ಇಲ್ಲ. ಒಳಗಿನಿಂದ ನನ್ನ ಹೆಸರು ಕರೆದಾಗ, ಎದ್ದು ಗೋಡೆಯ ಚಿತ್ರದ ಮೇಲೆ ಕೈಯಾಡಿಸಿದೆ. ಬರೀ ಗಾಜು. ತಡೆಯಲಾಗದೆ ಕರ್ಚೀಫು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ. ನೋಡಿದವರು ಹಲ್ಲುನೋವು ಅಂದುಕೊಂಡಿರಬೇಕು.